ಪ್ರೇರಣಾಳ ಸಿನಿಮಾಕ್ಕೆ ಸಿಕ್ಕ ಕೊನೆ

ಉದಗಾಂವ
೨೬ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮಗ ಮಹಾವೀರನಿಗೆ ಅವ್ವನ ಆಶೀರ್ವಾದ.

ಮೊದಲು ನಿನ್ನ ಬೆನ್ನುನೋವಿನ ಸುದ್ದಿ ಹೇಳು. ಇಚಲಕರಂಜಿಯ ಬಟ್ಟೆಯ ಮಾದರಿಗಳನ್ನು ಒಂದೇ ಹೆಗಲಿಗೆ ಹಾಕಿಕೊಂಡು ಮುಂಬಯಿಯ ಅಂಗಡಿ ಅಂಗಡಿ ಸುತ್ತಿದರೆ ಬೆನ್ನಾದರೂ ಏನು ಮಾಡೀತು? ನನ್ನ ಮೊಣಕಾಲು ಇದ್ದ ಹಾಗೇ ಇದೆ, ಕಿವಿ ಮಾತ್ರ ಕೈಕೊಟ್ಟಿದೆ, ಹತ್ತಿರ ಬಂದು ಗಟ್ಟಿಯಾಗಿ ಹೇಳಿದರಷ್ಟೇ ಕೇಳುತ್ತದೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂದೆನಲ್ಲ, ಒಂದಕ್ಷರವೂ ಕೇಳಿಸಿರಲಿಲ್ಲ. ಅದಕ್ಕೇ ಈ ಪತ್ರ. ಮರಾಠಿ ಶಾಲೆಗೆ ಹೋಗುತ್ತಿದ್ದ ನಿನ್ನನ್ನು ಹಿಡಿದು ಕೂರಿಸಿ ಕನ್ನಡ ಓದಲು ಕಲಿಸಿದ್ದೇನೆ, ತಿಳಿಯಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ರುಪಾಲಿ ದೀಕ್ಷೆ ತೆಗೆದುಕೊಂಡು, ಮನೆಮಾರು ಬಿಟ್ಟು ಆರ್ಯಿಕೆಯಾಗುತ್ತಾಳೆ ಎಂದು ಯಾರೋ ನಿನ್ನ ಕಿವಿ ಊದಿದರಂತೆ. ಅಲ್ಲ ಎಂದು ನಿನ್ನ ಹೆಂಡತಿ ಎಷ್ಟು ಹೇಳಿದರೂ ನಂಬದೆ ಊಟ ಬಿಟ್ಟು ಕೂತಿದ್ದೀಯಂತೆ. ಊಟ ಮಾಡು. ದೀಕ್ಷೆಯೂ ಇಲ್ಲ, ಏನೂ ಇಲ್ಲ. ನಿನ್ನ ಮಗಳಿಗೆ ಬೆಳಿಗ್ಗೆ ಎರಡು ಸಲ ಚಹಾ ಬೇಕು, ಅವಳು ಸಂಸಾರ ಬಿಡುವಳೇ? ತಲೆ ಬೋಳಿಸಿಕೊಂಡದ್ದು ಮಾತ್ರ ನಿಜ, ಅದೂ ಸಿನಿಮಾಕ್ಕಾಗಿ.

ಅವಳ ಗೆಳತಿ ಪ್ರೇರಣಾ ನಿನಗೆ ಗೊತ್ತು, ಜಯಸಿಂಗಪುರದ ಕಿರಾಣಿ ಅಂಗಡಿಯ ಮಲ್ಲಿನಾಥನ ಮಗಳು. ವರ್ಷದಿಂದ ರಕ್ತದ ಕ್ಯಾನ್ಸರಿಗೆ ಕೊಲ್ಲಾಪುರದಲ್ಲಿ ಔಷಧಿ ನಡೆದಿದೆ. ಕೂದಲೆಲ್ಲ ಹೋಯಿತು, ಮಾತಿನ ಖಾರ ಮಾತ್ರ ಹೋಗಲಿಲ್ಲ. ಇನ್ನು ಮುಂಬಯಿಯ ದೊಡ್ಡ ಡಾಕ್ಟರಿಗೆ ತೋರಿಸಬೇಕು, ಔಷಧಿ ಹತ್ತಿದೆಯೋ ಇಲ್ಲವೋ ಅವರೇ ಹೇಳಬೇಕು. ತಿಂಗಳಾದರೂ ಅಲ್ಲೇ ಇರಬೇಕಾದೀತು, ಇಂಥ ಮಗಳನ್ನು ಕಟ್ಟಿಕೊಂಡು ಎಲ್ಲಿ ಉಳಿಯುವುದು ಎಂದು ಅವಳ ತಾಯಿ ಮನೀಷಾ ಕಂಡವರನ್ನೆಲ್ಲ ಕೇಳುತ್ತಿದ್ದಳು. ಅದರ ನಡುವೆ ಈ ಹುಡುಗಿಗೆ ಸಿನಿಮಾ ಮಾಡುವ ಹುಚ್ಚು. ಕೊಲ್ಲಾಪುರದಲ್ಲಿ ಕಾಲೇಜು ಮಕ್ಕಳ ಸಿನಿಮಾ ಸ್ಪರ್ಧೆ ಇದೆಯಂತೆ. ಇಬ್ಬರು ಗೆಳತಿಯರು, ಒಬ್ಬಳಿಗೆ ರೋಗ, ಇಷ್ಟೇ ಕಥೆ. ರೋಗಿಯ ಪಾತ್ರ ಪ್ರೇರಣಾಳದ್ದೇ ಎಂದು ಎಲ್ಲರೂ ತಿಳಿದಿದ್ದರು. ಅವಳು ಕೇಳಲಿಲ್ಲ. “ಪೇಶಂಟಿನ ಪಾರ್ಟ ನಾ ದವಾಖಾನ್ಯಾಗ ಬೇಕಾದಷ್ಟು ಮಾಡೇನಿ. ನನಗ ಸ್ಕೂಟಿ ಹೊಡ್ಯೂ ಪಾರ್ಟ ಬೇಕು” ಅಂದಳು. ವಿಗ್ ತರಿಸಿ ಎರಡು ಜಡೆ ಹಾಕಿಕೊಂಡಳು. ಗೆಳತಿಯ ಪಾತ್ರ ತಪ್ಪಿ ರೋಗಿಯಾದ ನಿನ್ನ ಮಗಳು, ಮಾಡಿದರೆ ಸರಿಯಾಗಿ ಮಾಡಬೇಕೆಂದು ಕ್ಷೌರದಂಗಡಿಗೆ ಹೋಗಿ ಕೂತಳು. ನಿನ್ನ ಹೆಂಡತಿ ನೋಡಿ ಅತ್ತಳು. ನನಗೇನೋ ಮೊಮ್ಮಗಳ ತಲೆಯ ಆಕಾರ ಚೆನ್ನಾಗಿಯೇ ಕಂಡಿತು.

ಮರುದಿನ ಆಸ್ಪತ್ರೆಯ ವೇಷವೆಂದು ಬಿಳಿ ಬಟ್ಟೆ ಹಾಕಿಕೊಂಡು, ಅದರಲ್ಲೇ ನನ್ನ ಜೊತೆ ಬಸದಿಗೆ ಬಂದಳು. ನಮ್ಮ ಮಂದಿಯಲ್ಲಿ ಹುಡುಗಿ ತಲೆ ಬೋಳಿಸಿ, ಬಿಳಿ ಉಟ್ಟು, ಬಸದಿಯಲ್ಲಿ ಕಣ್ಣು ಮುಚ್ಚಿ ನಿಂತರೆ ಜನ ಇನ್ನೇನು ತಿಳಿಯಬೇಕು? ಅಲ್ಲರೀ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅಜ್ಜಿಗೆ ಮೊಮ್ಮಗಳ ಮೋಹ ಬಿಡುತ್ತಿಲ್ಲ ಎಂದು ನನಗೇ ಬುದ್ಧಿ ಹೇಳಿ ಕಳಿಸಿದರು.

ಇತ್ತ ಹುಡುಗಿಯರಲ್ಲಿ ಜಗಳ. ಸಿನಿಮಾದ ಕೊನೆಗೆ ರೋಗಿ ಸಾಯಲೇಬೇಕು ಎಂದು ಪ್ರೇರಣಾ, ನಾನು ಸಾಯುವುದಿಲ್ಲ ಎಂದು ರುಪಾಲಿ. ಇಬ್ಬರೂ ಮಾತು ಬಿಟ್ಟರು. ನಾನು ಪ್ರೇರಣಾಳನ್ನು ಒಳಗೆ ಕರೆದು ಯಾಕೆ ಈ ಹಟ ಎಂದು ಕೇಳಿದೆ. ನನ್ನ ಕಿವಿಯ ಹತ್ತಿರವೇ ಬಾಯಿಟ್ಟು ಹೇಳಿದಳು: “ನಾ ಹ್ವಾದ್ರ ಇವರೆಲ್ಲಾ ಹೆಂಗ ಅಳ್ತಾರ ಅಂತ ಒಮ್ಮೆ ನೋಡಬೇಕ್ರಿ ಆಯಿ. ಆಮ್ಯಾಲ ನನಗ ನೋಡಾಕ ಸಿಗೂದಿಲ್ಲಲ್ರಿ.” ಇದನ್ನು ರುಪಾಲಿಗೆ ಹೇಳಿದೆ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಆಯಿತು, ಸಾಯುತ್ತೇನೆ ಅಂದಳು.

ಭಾನುವಾರ ಮಧ್ಯಾಹ್ನ ನಮ್ಮ ಅಂಗಳದಲ್ಲೇ ಚಾಪೆ ಹಾಸಿ ಅವಳನ್ನು ಮಲಗಿಸಿದರು, ಕುತ್ತಿಗೆಯ ತನಕ ಬಿಳಿ ಚಾದರ. ಅವರ ಗೆಳೆಯ ನಿಖಿಲ ಮೊಬೈಲಿನಲ್ಲಿ ಚಿತ್ರ ತೆಗೆಯುವವನು. ಸತ್ತವಳ ಅಜ್ಜಿಯಾಗಿ ಅಳುವ ಕೆಲಸ ನನ್ನದು. ಸುಳ್ಳು ಅಳು ಬರಲೇ ಇಲ್ಲ, ಬಂದದ್ದು ನಿಜವಾದದ್ದೇ. ಸರಿಯಾಗಿ ಆ ಹೊತ್ತಿಗೆ ಬಸದಿಯ ಹೆಂಗಸರು ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು ಹಿಡಿದು ದೀಕ್ಷೆಯ ಹುಡುಗಿಗೆ ಉಡಿ ತುಂಬಲು ಬಂದುಬಿಟ್ಟರು. ಚಾಪೆಯ ಮೇಲಿದ್ದವಳನ್ನು ನೋಡಿ ಮುಂದಿನವಳು ಚೀರಿದಳು. ಆ ಚೀರಾಟಕ್ಕೆ ಹೆಣ ಎದ್ದು ಕೂತಿತು. ಆಗ ಉಳಿದವರೂ ಚೀರಿದರು, ತೆಂಗಿನಕಾಯಿ ಒಂದು ಗಟಾರದ ತನಕ ಉರುಳಿತು. ಪ್ರೇರಣಾ ನಕ್ಕ ರಭಸಕ್ಕೆ ವಿಗ್ ಜಾರಿ ಬಿತ್ತು. ಆ ಹುಡುಗಿ ಹಾಗೆ ನಕ್ಕದ್ದನ್ನು ವರ್ಷದಿಂದ ಯಾರೂ ನೋಡಿರಲಿಲ್ಲ.

ಹೆಂಗಸರು ಮಾತ್ರ ನಗಲಿಲ್ಲ. ಆ ತಲೆ ಕ್ಷೌರದ ತಲೆಯಲ್ಲ ಎಂದು ಅವರಿಗೆ ಕೂಡಲೇ ತಿಳಿಯಿತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಹಿಂದೆ ಸರಿಯುತ್ತಿದ್ದರು, ಆಗ ನನಗೆ ಸಿಟ್ಟೇ ಬಂತು. “ತಂದ ಉಡಿ ತಿರಗಿ ಮನಿಗೆ ಒಯ್ಯಬಾರ್ದು. ಈ ಹುಡುಗಿಗೆ ತುಂಬ್ರಿ” ಅಂದೆ. ಲಿಂಗಾಯತರ ಹುಡುಗಿ ಎಂದು ಒಬ್ಬರೂ ಅನ್ನಲಿಲ್ಲ. ಚಾಪೆಯ ಮೇಲೆ ಪ್ರೇರಣಾಳನ್ನೇ ಕೂರಿಸಿದರು. ಅವಳು ಹೆಗಲ ಮೇಲಿನ ಓಢಣಿಯ ಸೆರಗು ಒಡ್ಡಿದಳು, ಒಬ್ಬೊಬ್ಬರೂ ತುಂಬಿ, ಬೋಳುತಲೆ ಸವರಿ, ನೂರು ವರ್ಷ ಬಾಳು ಎಂದು ಹರಸಿದರು. ಹೇಳುತ್ತ ಹೇಳುತ್ತ ಎಲ್ಲರೂ ಅತ್ತರು. ರುಪಾಲಿ ಅತ್ತಳು, ನಿಖಿಲ ಅತ್ತ. ಪ್ರೇರಣಾ ತುಂಬಿದ ಉಡಿ ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಕೊನೆಗೆ ಅಂದಳು: “ಸಾಕ್ರಿ ಆಯಿ, ನೋಡಿದೆ. ಸಿನಿಮಾದಾಗ ಇನ್ನ ಯಾರೂ ಸಾಯೂದು ಬ್ಯಾಡ.”

ನಿಖಿಲ ಅಳುತ್ತಲೇ ಎಲ್ಲವನ್ನೂ ಚಿತ್ರ ತೆಗೆದಿದ್ದಾನೆ. ಅದೇ ಸಿನಿಮಾದ ಕೊನೆಯಂತೆ. ಬಹುಮಾನ ಬರಲಿ ಬಿಡಲಿ, ನನಗೆ ಭಾಳ ಸಮಾಧಾನವಾಗಿದೆ.

ಹೊತ್ತು ಮುಳುಗುವ ಮೊದಲೇ ಊಟ ಮಾಡುತ್ತಿರು, ಮುಂಬಯಿಯಲ್ಲಿ ಯಾರು ನೋಡುತ್ತಾರೆ ಎನ್ನಬೇಡ. ಎಲ್ಲರೂ ನಿನ್ನನ್ನು ನೆನೆಯುತ್ತೇವೆ. ಜಿನೇಂದ್ರನು ನಿನ್ನನ್ನು ಸುಖವಾಗಿಡಲಿ.

ನಿನ್ನ ಅವ್ವ,
ಸೋನಾಬಾಯಿ

ತಾ.ಕ.: ಗಡಿಬಿಡಿಯಲ್ಲಿ ಮುಖ್ಯ ಮಾತೇ ಉಳಿಯಿತು. ಈ ಪತ್ರ ಅಂಚೆಗೆ ಹಾಕಿಲ್ಲ. ನಿನ್ನ ಕೈಗೆ ಕೊಟ್ಟವಳೇ ಮನೀಷಾ. ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡು ನಿಂತವಳು ಪ್ರೇರಣಾ, ಸೊರಗಿದ್ದಾಳೆ, ಗುರುತು ಸಿಗಲಿಕ್ಕಿಲ್ಲ. ಬೇಡ ಬೇಡ ಎಂದರೂ ನಿನ್ನ ಖೋಲಿಯಲ್ಲೇ ಉಳಿಯಬೇಕೆಂದು ನಾನೇ ಒತ್ತಾಯ ಮಾಡಿ ಕಳಿಸಿದ್ದೇನೆ. ಅವರಿರುವ ತನಕ ನೀನು ಬೇರೆ ಎಲ್ಲಾದರೂ ಮಲಗು. ಪತ್ರ ಓದಿ ಮುಗಿಸುವ ತನಕ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿರುತ್ತೀಯ, ನನಗೆ ಗೊತ್ತು. ಒಳಗೆ ಕರೆ.