ಈ ಸಲ ನಿನ್ನ ತಪ್ಪಲ್ಲ

ಅಮ್ಮ,

ಕೆಲಸಕ್ಕೆ ಹೊರಟೆ. ಕಂಪ್ಯೂಟರ್ ಮುಟ್ಟಬೇಡ, ವೈರಸ್ ಮತ್ತೆ ಬಂದಿದೆ. ಬ್ರೌಸರ್ ತೆರೆದರೆ ಸಾಕು, ಜಾಹೀರಾತುಗಳು ಮುಗಿಬೀಳುತ್ತವೆ. ಅದನ್ನು ಅಳಿಸಿ ಹೊಸದಾಗಿ ಹಾಕಿದ್ದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸಂಜೆ ರಿಪೇರಿಯವರು ಬಂದು ಎಲ್ಲವನ್ನೂ ಅಳಿಸುತ್ತಾರೆ. ಅಣ್ಣನ ಫೋಟೊಗಳನ್ನು ಪೆನ್‌ಡ್ರೈವ್‌ಗೆ ಹಾಕಿ ನಿನ್ನ ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ.

ಹೋದ ವಾರ "ಕಾಣೆಯಾದ ನಿಮ್ಮ ಮಗ ಸಿಕ್ಕಿದ್ದಾನೆ, ಇಲ್ಲಿ ಒತ್ತಿ" ಅಂತ ಬಂದದ್ದನ್ನು ನೀನು ಒತ್ತಿದ್ದೆ. "ಬುದ್ಧಿ ಇಲ್ವಾ ನಿಂಗೆ? ಮೂರು ವರ್ಷದಿಂದ ಸಿಗದೋನು ಇದ್ರಲ್ಲಿ ಸಿಗ್ತಾನಾ?" ಅಂತ ಕೂಗಾಡಿ, ಅವತ್ತೇ ಎಲ್ಲ ಸರಿಮಾಡಿದ್ದೆ.

ನಿನ್ನೆ ಅದೇ ಸಾಲು ಮತ್ತೆ ಬಂತು. ಸುಳ್ಳೆಂದು ಗೊತ್ತಿದ್ದೂ ನಾನೇ ಒತ್ತಿದೆ. ತೆರೆದದ್ದು ಬರೀ ಬಿಳಿ ಪುಟ. ಏನಾದರೂ ಬಂದೀತೆಂದು ಅದರ ಮುಂದೆ ಅರ್ಧ ಗಂಟೆ ಕೂತಿದ್ದೆ, ಅಮ್ಮ.