ಉಡಿ ತುಂಬುವ ಸೀರೆ

ತಿಕೋಟಾ
ಶನಿವಾರ ಮುಂಜಾನೆ

ನನ್ನ ಕಾವ್ಯಾ,

ಬಳೆ ಮಾರುವ ಪೀರಾಂಬಿ ಈ ಕಾಗದ ಕೊಟ್ಟ ಕೂಡಲೇ ನಿಂತಲ್ಲೇ ಓದು. ಓದಿ, ಸೋಮುನನ್ನು ಕರೆದುಕೊಂಡು ಭೂತನಾಳದ ಆ ಮನೆ ಬಿಡು. ಪಾತ್ರೆ ಪಡಗ ಅಲ್ಲೇ ಇರಲಿ. ಜೈನಾಪುರಕ್ಕೆ ಹೋಗಬೇಡಿ, ಅಲ್ಲಿ ನಿನ್ನ ಅತ್ತೆಮನೆಯನ್ನೂ ಇವರು ಹುಡುಕುತ್ತಾರೆ. ಎಲ್ಲಿಗೆ ಹೋದಿರೆಂದು ನನಗೂ ತಿಳಿಸಬೇಡ. ನನ್ನದು ಬಾಯಿ ಬೊಂಬಾಯಿ ಎಂದು ನಗುತ್ತಿದ್ದೆಯಲ್ಲ, ಅದು ನಿಜವಾಯಿತು.

ಹೋದ ಭಾನುವಾರ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಕೊಂಡ ಮೇಲೆ ಅಪ್ಪ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ದ. ಹಾಡು ಬಂದರೆ ಟಿವಿ ಬಂದ್ ಮಾಡಿಸುವವನು! ಬೇರೆ ಜಾತಿಯವನ ಕೈ ಹಿಡಿದ ಹುಡುಗಿಯ ಕಥೆ. ಮನೆತನದ ಮರ್ಯಾದೆ ಎಂದು ತಂದೆ ಬಾಗಿಲು ಹಾಕಿಕೊಳ್ಳುತ್ತಾನೆ, ಕೊನೆಗೆ ಅವಳ ಹೆಣದ ಮುಂದೆ ಗೋಳಾಡುತ್ತಾನೆ. ನಮ್ಮಪ್ಪ ಟವೆಲ್ಲು ಬಾಯಿಗೆ ಒತ್ತಿಕೊಂಡು ಅತ್ತ. ನಮ್ಮ ಅಜ್ಜಿ ಸತ್ತಾಗಲೂ ಅಳದವನು. ಬೆಳ್ಳಗಿದ್ದದ್ದೆಲ್ಲ ಹಾಲು ಎಂದು ನಾನು ನಂಬಿಬಿಟ್ಟೆ.

ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದ, "ಕಾವ್ಯಾ ಎಲ್ಲಿ ಅದಾಳ? ಉಡಿ ತುಂಬಿ ಬರೂಣು." ಎಲ್ಲ ಹೇಳಿದೆ. ಕೆರೆ ಕಡೆಯ ಓಣಿ, ಹಸಿರು ಬಾಗಿಲು, ಸೋಮು ಕೆಲಸಕ್ಕೆ ಹೋಗುವ ಹೊತ್ತು. ನಿನ್ನ ವಿಳಾಸ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ.

ನಿನ್ನೆ ಅವ್ವ ಟ್ರಂಕು ತೆರೆದು, ಉಡಿ ತುಂಬಲು ಹಸಿರು ಇಳಕಲ್ ಸೀರೆ ತೆಗೆಯಲೋ ಕೆಂಪು ತೆಗೆಯಲೋ ಎಂದು ಕೇಳಿದಳು. ಅಪ್ಪ ತಲೆ ಎತ್ತದೆ ಅಂದ, "ಯಾವುದರ ಇಡು. ಉಡಾಕ ಯಾರ ಅದಾರ?" ಅಣ್ಣ ಸಂಗು ಏನೂ ಕೇಳಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಆಗಲೇ ನನ್ನ ಫೋನು ಕಸಿದು ಕಿಸೆಗೆ ಹಾಕಿಕೊಂಡ. ಅವ್ವ ಟ್ರಂಕಿಗೆ ಕೀಲಿ ಹಾಕಿ ಅಡುಗೆಮನೆಗೆ ಹೋದಳು.

ಅಪ್ಪ ಆ ಸಿನಿಮಾದ ಹುಡುಗಿಗಾಗಿ ಅತ್ತದ್ದು ಸುಳ್ಳಲ್ಲ ಕಾವ್ಯಾ. ನನಗೆ ಹೆದರಿಕೆ ಅದೇ. ನಾಳೆ ನಿನ್ನ ಹೆಣದ ಮುಂದೆಯೂ ಅವನು ಹಾಗೇ ಅಳುತ್ತಾನೆ.

ಪೊಲೀಸರ ಕಡೆ ಹೋದರೆ ಈ ಕಾಗದ ತೋರಿಸು. ನನ್ನ ಹೆಸರು ಮುಚ್ಚಬೇಡ.

ನಿನ್ನನ್ನು ಹಿಡಿದುಕೊಟ್ಟ ಅಕ್ಕ,
ವಿಜಯಲಕ್ಷ್ಮೀ

ತಾ.ಕ.: ನಾಳೆ ಜೀಪಿನಲ್ಲಿ ನನ್ನನ್ನೂ ಕರೆತರುತ್ತಾರೆ. ಅಕ್ಕನ ಧ್ವನಿ ಕೇಳಿದರೆ ನೀನು ಬಾಗಿಲು ತೆಗೆಯುತ್ತೀ ಎಂದು ಬಸ್ಸಿನಲ್ಲಿ ನಾನೇ ಹೇಳಿದ್ದೆ. ಹೊರಡಲು ಆಗದಿದ್ದರೆ, ನಾನು ಎಷ್ಟು ಕೂಗಿದರೂ ತೆಗೆಯಬೇಡ.