ಅಕ್ಕನ ಹೊಲದ ಫೋಟೋ

ಆಗಸ್ಟ್ ೧೯, ಮಂಗಳವಾರ

ಬೆಳೆಹಾನಿ ಸಮೀಕ್ಷೆಯಲ್ಲಿ ಅಕ್ಕನ ಹೆಸರಿನ ಮುಂದೆ ಇವತ್ತು ಕೈಯಾರೆ "ಹಾನಿ ಇಲ್ಲ" ಎಂದು ಬರೆದೆ. ನೆರೆ ಇಳಿದ ಮರುದಿನವೇ "ಕೊಳೆತದ್ದನ್ನು ಕಿತ್ತುಹಾಕಿ ಬೇಗ ಬಿತ್ತು" ಎಂದು ಅವಳಿಗೆ ಹೇಳಿದವನೂ ನಾನೇ. ಪರಿಹಾರಕ್ಕೆ ಹಾಳಾದ ಬೆಳೆಯ ಫೋಟೋ ಬೇಕೆಂಬ ಆದೇಶ ಬಂದದ್ದು ಆಮೇಲೆ. ಪಕ್ಕದ ಹೊಲದವನು ಈ ಕಡೆಯ ಕಡ್ಡಿ ಆ ಕಡೆ ಇಡದ ಸೋಂಬೇರಿ. ಅವನಿಗೆ ಪೂರ್ತಿ ಪರಿಹಾರ. ಕೊಳೆತದ್ದನ್ನು ಹಾಗೇ ಬಿಟ್ಟಿದ್ದ, ಫೋಟೋ ಎಷ್ಟು ಚೆನ್ನಾಗಿ ಬಂತು!

"ನಂದೂ ತೆಗಿಯೋ," ಎಂದಳು ಅಕ್ಕ.

"ಏನಂತ ತೆಗೀಲಿ ಅಕ್ಕಾ? ಎಲ್ಲಾ ಹಸಿರಾಗಿದೆ."

"ನಿನ್ ಮಾತು ಕೇಳಿದ್ದಕ್ಕೇ ಅಲ್ವೇನೋ ಹಸಿರಾಗಿರೋದು?"

ಬೈದಿದ್ದರೂ ಆಗುತ್ತಿತ್ತು. ಬೈಯದೆ ಊಟಕ್ಕೆ ಕರೆದಳು.

ನಾಳೆ ಇನ್ನೊಂದು ಊರು. ಅಲ್ಲೂ ಯಾರಾದರೂ "ಹೊಲ ಹಸನು ಮಾಡ್ಲಾ ಸಾರ್?" ಎಂದು ಕೇಳುತ್ತಾರೆ. ಕೊಳೆಯಲು ಬಿಡಿ ಎನ್ನಲೇ? ಆ ಮಾತು ಅಕ್ಕನ ಕಿವಿಗೆ ಬಿದ್ದರೆ ಅವಳ ಮುಖ ಹೇಗೆ ನೋಡಲಿ?